24 ಲೀಟರ್ ಗಾಳಿ

ನಿವೃತ್ತರಾದ ಗಂಡಸರಲ್ಲಿ ಎರಡು ಪಂಗಡ. ಬೆಳಗಾಗೆದ್ದು ಪಾರ್ಕಿಗೆ ಹೋಗಿ ಕೈ ಮೇಲೆತ್ತಿ ಗಹಗಹಿಸುವವರು ಒಂದು. ಮನೆಯ ಕಾರ್ ಶೆಡ್ಡಿನಲ್ಲಿ ಕೂತು ಕೆಡದ ವಸ್ತುಗಳನ್ನೂ ರಿಪೇರಿ ಮಾಡುವವರು ಇನ್ನೊಂದು. ನಾನು ಎರಡನೆಯ ಪಂಗಡಕ್ಕೆ ಸೇರಿದವನು. ನಮ್ಮ ಶೆಡ್ಡಿನಲ್ಲಿ ಕಾರು ನಿಂತು ಬಹಳ ಕಾಲವಾಯಿತು. ಮಗ ಪುಣೆಗೆ ಹೋಗುವಾಗ ಅದನ್ನೂ ಒಯ್ದ. ಉಳಿದದ್ದು ನೆಲದ ಮೇಲಿನ ಆಯಿಲ್ ಕಲೆ. ಈಗ ಆ ಕಲೆಯ ಮೇಲೆ ನನ್ನ ಮರದ ಬೆಂಚು, ಬೆಂಚಿನ ಮೇಲೆ ಅಪ್ಪನ ಕಾಲದ ವೈಸು, ಗೋಡೆಯ ಮೇಲೆ ಅಳತೆಯ ಪ್ರಕಾರ ನೇತಾಡುವ ಸ್ಪ್ಯಾನರುಗಳು. ಒಂದು ಮೂಲೆಯಲ್ಲಿ ಸ್ಕೂಟರಿಗೂ ಜಾಗ ಕೊಟ್ಟಿದ್ದೇನೆ.

ಈ ಕಾರ್ಖಾನೆಗೆ ಏರ್ ಕಂಪ್ರೆಸರ್ ಬೇಕು ಅನ್ನಿಸಿದ್ದು ನಮ್ಮ ಬೀದಿಯ ಪಂಕ್ಚರ್ ಅಂಗಡಿ ಮುಚ್ಚಿದ ಮೇಲೆ. ಬೆಂಗಳೂರಿನ ಎಷ್ಟೋ ಪಂಕ್ಚರ್ ಅಂಗಡಿಗಳ ಹಾಗೆ ಅದನ್ನೂ ನಡೆಸುತ್ತಿದ್ದವರು ಕೇರಳದವರು. ಬೀದಿಯ ಸಂಸಾರಗಳ ಸುದ್ದಿಯೆಲ್ಲ ಅವರಿಗೆ ಟೈರುಗಳ ಮೂಲಕವೇ ತಿಳಿಯುತ್ತಿತ್ತು. "ಸಾರ್, ಮಗಳು ಬಂದಿದ್ದಾರೆ ಅಲ್ವಾ? ಹಿಂದಿನ ಟೈರಿಗೆ ಎರಡು ಪಾಯಿಂಟ್ ಜಾಸ್ತಿ ಹಾಕ್ತೀನಿ" ಎನ್ನುವರು. ಮಗಳು ಬಾಣಂತನಕ್ಕೆ ಬಂದದ್ದು ಪಕ್ಕದ ಮನೆಗೂ ಗೊತ್ತಿರಲಿಲ್ಲ. ಕಟ್ಟಡ ಒಡೆದು ಅಪಾರ್ಟ್‌ಮೆಂಟ್ ಕಟ್ಟುತ್ತಾರೆಂದಾಗ ಅವರು ತಮ್ಮ ನೀಲಿ ಕಂಪ್ರೆಸರನ್ನು ಟೆಂಪೋಗೆ ಹತ್ತಿಸಿ ಊರಿಗೆ ಹೊರಟರು. ಹೊರಡುವ ಮುನ್ನ ಬೀದಿಯ ಸೈಕಲ್ಲುಗಳಿಗೆಲ್ಲ ಪುಕ್ಕಟೆ ಗಾಳಿ ಹೊಡೆದರು. ಅದು ಮೂರು ವಾರದಲ್ಲಿ ಇಳಿಯಿತು.

ಪೆಟ್ರೋಲ್ ಬಂಕಿನಲ್ಲಿ ಗಾಳಿ ಸಿಗುವುದಿಲ್ಲವೇ ಎಂದು ನೀವು ಕೇಳಬಹುದು. ಸಿಗುತ್ತದೆ, ಗಾಳಿ ಹಿಡಿಯುವ ಹುಡುಗ ಊಟಕ್ಕೆ ಹೋಗಿರದಿದ್ದರೆ.

ನಮ್ಮ ಬಾಲ್ಯದಲ್ಲಿ ಗಾಳಿಗೆ ಇಷ್ಟೆಲ್ಲ ತಾಪತ್ರಯ ಇರಲಿಲ್ಲ. ಬಾಡಿಗೆ ಸೈಕಲ್ ಅಂಗಡಿಯ ಕಂಬಕ್ಕೆ ಒಂದು ಪಂಪು ಒರಗಿರುತ್ತಿತ್ತು. ನಾವೇ ಹೊಡೆದುಕೊಂಡರೆ ದುಡ್ಡಿಲ್ಲ, ಅಂಗಡಿಯ ಹುಡುಗ ಹೊಡೆದರೆ ಐದು ಪೈಸೆ. ಎರಡೂ ಪಾದಗಳಿಂದ ಪಂಪಿನ ಬುಡ ಒತ್ತಿ, ಹಿಡಿಯನ್ನು ಎದೆಯವರೆಗೆ ಎಳೆದು, ಇಡೀ ಮೈಭಾರ ಹಾಕಿ ಇಳಿಸಬೇಕು. ಹೊಡೆಯುತ್ತ ಹೊಡೆಯುತ್ತ ಪಂಪಿನ ಬುಡ ಬಿಸಿಯಾಗುತ್ತಿತ್ತು. ಅದನ್ನು ಮುಟ್ಟಿ ನೋಡಿ, ನಮ್ಮ ಶಕ್ತಿಗೇ ಅದು ಕಾದಿದೆ ಎಂದು ಬೀಗುತ್ತಿದ್ದೆವು. ಗಾಳಿಯನ್ನು ಒತ್ತಿದರೆ ಅದು ತಾನಾಗಿಯೇ ಬಿಸಿಯಾಗುತ್ತದೆ ಎಂದು ಹೈಸ್ಕೂಲಿನ ಮೇಷ್ಟ್ರು ಆಮೇಲೆ ಹೇಳಿ ಆ ಹೆಮ್ಮೆಯನ್ನೂ ತೆಗೆದರು.

ಕಂಪ್ರೆಸರ್ ಮಾತೆತ್ತಿದಾಗ ನನ್ನ ಹೆಂಡತಿ ತರಕಾರಿ ಚೀಟಿಯ ಹಿಂದೆಯೇ ಲೆಕ್ಕ ಹಾಕಿದಳು. ಪುಟ್ಟ ಯಂತ್ರಕ್ಕೆ ಎಂಟೂವರೆ ಸಾವಿರ ಅಂತಿಟ್ಟುಕೊಳ್ಳಿ. ಒಂದು ಸಲದ ಗಾಳಿಗೆ ಹತ್ತು ರೂಪಾಯಿ, ತಿಂಗಳಿಗೆ ಎರಡು ಸಲ. ಹಾಕಿದ ದುಡ್ಡು ಹುಟ್ಟುವುದಕ್ಕೆ 35 ವರ್ಷ. "ಅಷ್ಟು ಆಯಸ್ಸು ಇದೆ ಅನ್ನೋ ಧೈರ್ಯ ಇದ್ದರೆ ತಗೊಳ್ಳಿ" ಎಂದಳು. ಅರವತ್ತು ದಾಟಿದವನಿಗೆ ಇದಕ್ಕಿಂತ ಒಳ್ಳೆಯ ಆಶೀರ್ವಾದ ಎಲ್ಲಿ ಸಿಕ್ಕೀತು? ಅದನ್ನು ಒಪ್ಪಿಗೆ ಎಂದೇ ತಿಳಿದುಕೊಂಡೆ.

ಮಾರುವವರೆಲ್ಲ ಮೊದಲು ಒತ್ತಡದ ಅಂಕಿ ತೋರಿಸುತ್ತಾರೆ. 8 ಬಾರ್, ಅಂದರೆ 116 ಪಿಎಸ್‌ಐ. ನನ್ನ ಸ್ಕೂಟರಿನ ಮುಂದಿನ ಚಕ್ರಕ್ಕೆ ಬೇಕಾದದ್ದು 22, ಹಿಂದಿನದಕ್ಕೆ 29. ಕಾರಿಗೂ ಮೂವತ್ತರ ಆಸುಪಾಸು. ಒತ್ತಡಕ್ಕೆ ಎಲ್ಲೂ ಬಡತನವಿಲ್ಲ. ಬಡತನವೆಲ್ಲ ಸಿಎಫ್‌ಎಂನಲ್ಲಿ, ಅಂದರೆ ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಬರುತ್ತದೆ ಎಂಬ ಲೆಕ್ಕದಲ್ಲಿ. ಒಂದು ಎಚ್‌ಪಿ ಯಂತ್ರ ಮೂರು ನಾಲ್ಕು ಸಿಎಫ್‌ಎಂ ಕೊಟ್ಟರೆ ದೊಡ್ಡದು. ಬಣ್ಣ ಹೊಡೆಯುವ ದೊಡ್ಡ ಸ್ಪ್ರೇ ಗನ್ನು ಎಂಟು ಹತ್ತು ಕೇಳುತ್ತದೆ. ಸ್ಟೂಲಿಗೆ ಬಣ್ಣ ಹೊಡೆಯಬಹುದು, ಬೀರುವಿಗೆ ಹೊರಟರೆ ಅರ್ಧಕ್ಕೇ ಉಸಿರು ಕಟ್ಟುತ್ತದೆ. ಡಬ್ಬದ ಮೇಲಿನ ಅಂಕಿಯನ್ನೂ ಪೂರ್ತಿ ನಂಬಬಾರದು. ಬಹಳ ಸಲ ಅದು ಪಿಸ್ಟನ್ನಿನ ಗಾತ್ರದ ಲೆಕ್ಕ. ಪೈಪಿನಿಂದ ಈಚೆ ಬರುವ ಗಾಳಿ ಅದಕ್ಕಿಂತ ಕಡಿಮೆ. ಸರ್ಕಾರಿ ನೌಕರಿ ಮಾಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ: ಸಂಬಳದ ಚೀಟಿಯ ಮೇಲಿನದು ಬೇರೆ, ಕೈಗೆ ಬರುವುದು ಬೇರೆ. ಕೈಗೆ ಬರುವುದಕ್ಕೆ ಅಂಗಡಿಯವರು ಎಫ್‌ಎಡಿ ಎನ್ನುತ್ತಾರೆ. ಅದೆಷ್ಟು ಎಂದು ಕೇಳಿ ನೋಡಿ, ಕೂಡಲೇ ನಿಮಗೊಂದು ಕುರ್ಚಿ ಬರುತ್ತದೆ.

ಎಸ್‌.ಪಿ. ರಸ್ತೆಗೆ ಕಂಪ್ರೆಸರ್ ಕೊಳ್ಳಲು ನಾನು ಸೋದರಮಾವನನ್ನು ಕರೆದುಕೊಂಡು ಹೋದೆ. ಮಾವ ಕೋಲಾರದ ಚಿನ್ನದ ಗಣಿಯ ಕಂಪ್ರೆಸರ್ ಮನೆಯಲ್ಲಿ ದುಡಿದವರು. 1902ರಲ್ಲಿ ಶಿವನಸಮುದ್ರದಿಂದ ಗಣಿಗೆ ಕರೆಂಟು ಬಂದ ಕಥೆಯನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಮಾವನ ಕಥೆ ಶುರುವಾಗುವುದು ಅಲ್ಲಿಂದ ಮುಂದಕ್ಕೆ. ನೆಲದಾಳದಲ್ಲಿ ಬಂಡೆ ಕೊರೆಯುವ ಯಂತ್ರಗಳು ನಡೆಯುತ್ತಿದ್ದದ್ದು ಒತ್ತಿದ ಗಾಳಿಯಿಂದ. ಹೊಗೆ ಇಲ್ಲ, ಕಿಡಿ ಇಲ್ಲ, ಕೆಲಸ ಮುಗಿಸಿ ಆಚೆ ಬಂದದ್ದೂ ಗಾಳಿಯೇ. ಅಲ್ಲಿನ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ. "ನಾವು ಮೇಲೆ ಗಾಳಿ ನಿಲ್ಲಿಸಿದರೆ ಕೆಳಗೆ ಕೈ ನಿಲ್ಲುತ್ತಿತ್ತಪ್ಪ" ಎನ್ನುವುದು ಅವರ ಬದುಕಿನ ದೊಡ್ಡ ಹೆಮ್ಮೆ. 2001ರ ಫೆಬ್ರವರಿ ಕೊನೆಗೆ ಗಣಿ ಮುಚ್ಚಿತು. ಯಂತ್ರಗಳ ಸದ್ದು ಅಷ್ಟರೊಳಗೆ ಅವರ ಬಲಗಿವಿಯನ್ನು ಪೂರ್ತಿ ತೆಗೆದುಕೊಂಡಿತ್ತು. ಎಡಗಿವಿ ಇವತ್ತಿಗೂ ತನಗೆ ಬೇಕಾದದ್ದನ್ನು ಮಾತ್ರ ಕೇಳುತ್ತದೆ.

ಅಂಗಡಿಯ ಹುಡುಗ 24 ಲೀಟರಿನ ಕೆಂಪು ಯಂತ್ರವನ್ನು ಚಕ್ರದ ಮೇಲೆ ಉರುಳಿಸಿಕೊಂಡು ಬಂದ. ಮಾವ ಅದನ್ನು ಮೇಲಿಂದ ಕೆಳಗೆ ನೋಡಿ, "ಇದು ಯಂತ್ರವೋ, ಯಂತ್ರದ ಸ್ಯಾಂಪಲ್ಲೋ?" ಎಂದರು.

"ಫುಲ್ ಕಾಪರ್ ವೈಂಡಿಂಗ್ ಸಾರ್. ಆಯಿಲ್ ಫ್ರೀ. ಮೇಂಟೆನೆನ್ಸೇ ಇಲ್ಲ."

"ಮೇಂಟೆನೆನ್ಸ್ ಇಲ್ಲದ ಮೇಲೆ ನಮ್ಮಂಥೋರು ಏನು ಮಾಡಬೇಕಪ್ಪ?"

ಮಾವ ಜೇಬಿನಿಂದ ಒಂದು ರೂಪಾಯಿಯ ನಾಣ್ಯ ತೆಗೆದು ಯಂತ್ರದ ನೆತ್ತಿಯ ಮೇಲಿಟ್ಟು ಸ್ವಿಚ್ಚು ಹಾಕಿಸಿದರು. ನಾಣ್ಯ ಗಡಗಡ ನಡುಗುತ್ತ ಅಂಚಿಗೆ ಸರಿದು ಕೆಳಗೆ ಬಿತ್ತು. ಇನ್ನೊಂದು ಕಂಪನಿಯದನ್ನು ತರಿಸಿದರು. ಅದರ ಮೇಲೆ ನಾಣ್ಯ ಇದ್ದಲ್ಲೇ ನಡುಗುತ್ತ ಕೂತಿತು. ಗೇಜಿನ ಮುಳ್ಳು ಎಂಟಕ್ಕೆ ಏರಿ, ಯಂತ್ರ ಠುಸ್ ಎಂದು ಬಾಯಿ ಮುಚ್ಚಿದಾಗ ಪ್ಲಗ್ಗು ತೆಗೆಸಿ, "ಟೀ ಕುಡಿದು ಬರೋಣ" ಎಂದರು. ಅಂಗಡಿಯವನು ಗಿರಾಕಿ ಕೈತಪ್ಪಿತೆಂದು ಬೆಲೆ ಇಳಿಸತೊಡಗಿದ. ಮಾವನ ಎಡಗಿವಿಗೆ ಅದು ಚೆನ್ನಾಗಿಯೇ ಕೇಳಿತು, ಆದರೂ ನಿಲ್ಲಲಿಲ್ಲ. ಎದುರಿನ ಗೂಡಂಗಡಿಯಲ್ಲಿ ನಿಧಾನವಾಗಿ ಟೀ ಕುಡಿದು ಬಂದು ಮುಳ್ಳು ನೋಡಿದರು. ಕೂದಲೆಳೆಯಷ್ಟೂ ಇಳಿದಿರಲಿಲ್ಲ. "ಲೀಕ್ ಇಲ್ಲ. ಇದನ್ನೇ ತಗೋ ಅಳಿಯಾ."

ನಾನು ದುಡ್ಡು ಎಣಿಸುತ್ತಿದ್ದಾಗ ಮಾವ ಕಾಣಲಿಲ್ಲ. ಅಂಗಡಿಯ ಹಿಂಬದಿಯಲ್ಲಿ, ಕೊಯಮತ್ತೂರಿನಿಂದ ಬಂದಿದ್ದ ಬೆಲ್ಟಿನ ದೊಡ್ಡ ಕಂಪ್ರೆಸರೊಂದರ ಮುಂದೆ ನಿಂತಿದ್ದರು. ಆಯಿಲ್ ಕುಡಿಯುವ, ನಿಧಾನವಾಗಿ ತಿರುಗುವ, ಬಹಳ ಕಾಲ ಬಾಳುವ ಜಾತಿ. ಬೆಲೆ ನಮ್ಮದರ ಮೂರುಪಟ್ಟು. ಹುಡುಗ ಅದನ್ನೂ ಚಾಲೂ ಮಾಡಿದ್ದ. ಮಾವ ಅಂಗೈಯನ್ನು ಟ್ಯಾಂಕಿನ ಮೇಲಿಟ್ಟು ಕಣ್ಣು ಮುಚ್ಚಿಕೊಂಡಿದ್ದರು. "ಬೇರಿಂಗ್ ಚೆನ್ನಾಗಿದೆ" ಎಂದು ಯಾರಿಗೋ ಹೇಳಿದರು. ಹುಡುಗ ಮೋಟಾರು ನಿಲ್ಲಿಸಿದ ಮೇಲೂ ಕೈ ತೆಗೆಯಲಿಲ್ಲ. ನಾನು ಎಣಿಸಿದ್ದ ನೋಟುಗಳನ್ನೇ ಇನ್ನೊಮ್ಮೆ ಎಣಿಸಿದೆ.

ಯಂತ್ರ ಮನೆಗೆ ಬಂದ ಮೇಲೆ ಮಾವ ನಿಯಮಗಳನ್ನು ಹೇಳಿದರು. ಸಣ್ಣ ಪ್ಲಗ್ಗಿಗೆ ಹಾಕಬೇಡ, ಹದಿನೈದು ಆಂಪಿಯರಿನ ಪಾಯಿಂಟಿಗೇ ಹಾಕು. ದೂರಕ್ಕೆ ಬೇಕಾದರೆ ಗಾಳಿಯ ಪೈಪು ಉದ್ದ ಮಾಡು, ಕರೆಂಟಿನ ವೈರು ಉದ್ದ ಮಾಡಬೇಡ. ಮೈಮೇಲಿನ ದೂಳಿಗೆ ಗಾಳಿ ಹಿಡಿಯಬೇಡ, ತಮಾಷೆಗಂತೂ ಯಾರ ಮೇಲೂ ಹಿಡಿಯಬೇಡ. ಒತ್ತಿದ ಗಾಳಿಗೆ ತಮಾಷೆ ತಿಳಿಯುವುದಿಲ್ಲ. ಕೆಲಸ ಮುಗಿದ ಮೇಲೆ ಟ್ಯಾಂಕಿನ ಕೆಳಗಿನ ತಿರುಪು ಸಡಿಲಿಸಿ ನೀರು ಬಿಡು, ಇಲ್ಲದಿದ್ದರೆ ಒಳಗಿನಿಂದ ತುಕ್ಕು ತಿನ್ನುತ್ತದೆ. ಗಾಳಿಯೊಳಗೆ ನೀರು ಎಲ್ಲಿಂದ ಬಂತು ಎಂದು ಹೆಂಡತಿ ಅಚ್ಚರಿಪಟ್ಟಳು. ತುಂಬಿದ 24 ಲೀಟರ್ ಟ್ಯಾಂಕಿನಲ್ಲಿ ಹೊರಗಿನ ಇನ್ನೂರಕ್ಕೂ ಹೆಚ್ಚು ಲೀಟರ್ ಗಾಳಿ ಮುದುಡಿ ಕೂತಿರುತ್ತದೆ. ಮಳೆಗಾಲದಲ್ಲಿ ಅದರ ತೇವ ಬಹುಪಾಲು ನೀರಾಗಿ ತಳಕ್ಕೆ ಇಳಿಯುತ್ತದೆ. ಮೊದಲ ಸಲ ತಿರುಪು ಬಿಟ್ಟಾಗ ಕಂದು ಬಣ್ಣದ ನೀರು ಬುಸುಗುಟ್ಟುತ್ತ ಬಂದು ನನ್ನ ಪಂಚೆಯ ಮೇಲೆ ಚಿತ್ತಾರ ಬರೆಯಿತು.

ಯಂತ್ರದಿಂದ ನಾನು ಮಾಡಿದ ಘನಕಾರ್ಯಗಳನ್ನು ಪಟ್ಟಿ ಮಾಡಲಾರೆ. ಫ್ಯಾನಿನ ದೂಳು, ಹೊಲಿಗೆ ಯಂತ್ರದ ನೂಲು, ಒಂದು ಸ್ಟೂಲಿನ ಬಣ್ಣ, ಅಷ್ಟೆ. ಆದರೆ ಸಂಜೆ ಶಾಲೆ ಬಿಟ್ಟ ಮೇಲೆ ಮಕ್ಕಳು ಸೈಕಲ್ ತಳ್ಳಿಕೊಂಡು ಬರುತ್ತಾರೆ. ಯಾರ ಮನೆಗೆ ನೆಂಟರು ಬಂದಿದ್ದಾರೆ, ಯಾರ ಮಗ ಹಂಪ್ ನೋಡದೆ ಹಾರಿಸುತ್ತಾನೆ ಎಂಬುದು ಈಗ ನನಗೂ ತಿಳಿಯುತ್ತಿದೆ. ಮಾವ ವಾರಕ್ಕೊಮ್ಮೆ ಬಂದು ಕೂರುತ್ತಾರೆ. ಸದ್ದು ಜೋರು ಎಂದು ಬೀದಿಯವರೆಲ್ಲ ಗೊಣಗುವ ಯಂತ್ರದ ಪಕ್ಕದಲ್ಲೇ ಅವರ ಕುರ್ಚಿ. "ಏನೂ ಕೇಳಿಸೋದೇ ಇಲ್ಲವಲ್ಲೋ, ಓಡ್ತಿದೆಯಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಅದರ ಮೇಲೆ ಕೈಯಿಟ್ಟು ನೋಡುತ್ತಾರೆ.

ನಮ್ಮ ಕಡೆ ಬಂದರೆ ಗಾಡಿ ತನ್ನಿ, ಗಾಳಿ ಪುಕ್ಕಟೆ. ಕಾರಿಗೂ ಆಗುತ್ತದೆ, ಸ್ವಲ್ಪ ಕಾಯಬೇಕು. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಮಾತ್ರ ಬರಬೇಡಿ. ಎದುರುಮನೆಯ ಅಜ್ಜಿ ಮಲಗಿರುತ್ತಾರೆ.