ಲಾಕರಿನಲ್ಲಿ ಕಂಡ ಬಾಟಲಿ, ಪುಸ್ತಕದಲ್ಲಿ ಉಳಿದ 73

ಬೇಸ್‌ಬಾಲ್ ಆಟವನ್ನು ನಮ್ಮೂರ ಕಡೆ ಕಣ್ಣಾರೆ ಕಂಡವರು ಕಡಿಮೆ. ನಾನೂ ಮೈದಾನದಲ್ಲಿ ನೋಡಿದ್ದಿಲ್ಲ. ಆದರೂ ಅದರ ದಾಖಲೆಗಳ ಜಗಳ ನನ್ನ ತಲೆ ಹೊಕ್ಕು ಕೆಲವು ವರ್ಷವಾಯಿತು.

ಆಗ ಪತ್ರಿಕೆಯೊಂದರ ಕ್ರೀಡಾ ಪುಟಕ್ಕೆ ರಾತ್ರಿ ಪಾಳಿಯಲ್ಲಿ ಏಜೆನ್ಸಿ ಸುದ್ದಿ ಅನುವಾದ ಮಾಡುವುದು ನನ್ನ ಕೆಲಸ. 2022ರ ಅಕ್ಟೋಬರ್ ಮೊದಲ ವಾರ ಒಂದು ಸುದ್ದಿ ಬಂತು. ನ್ಯೂಯಾರ್ಕ್ ಯಾಂಕೀಸ್ ತಂಡದ ಆರನ್ ಜಡ್ಜ್ ಒಂದೇ ಋತುವಿನಲ್ಲಿ 62 ಹೋಮ್ ರನ್ ಹೊಡೆದಿದ್ದಾನೆ, ಅದು ಅಮೆರಿಕನ್ ಲೀಗ್ ದಾಖಲೆ ಎಂದು. ಹೋಮ್ ರನ್ ಎಂದರೆ ನಮ್ಮ ಸಿಕ್ಸರ್ ಇದ್ದ ಹಾಗೆ, ಚೆಂಡು ಬೇಲಿಯಾಚೆ ಹೋಗಬೇಕು. ಅಲ್ಲಿನ ದೊಡ್ಡ ಮಟ್ಟದ ಬೇಸ್‌ಬಾಲಿನಲ್ಲಿ ಎರಡು ಲೀಗ್. ಎರಡೂ ಸೇರಿಸಿದರೆ ದಾಖಲೆ 73, ಬ್ಯಾರಿ ಬಾಂಡ್ಸ್ 2001ರಲ್ಲಿ ಹೊಡೆದದ್ದು. ಹಾಗಿದ್ದೂ 62 ಹೊಡೆದವನನ್ನೇ ನಿಜವಾದ ದಾಖಲೆಗಾರ ಎಂದು ಎಷ್ಟೋ ಜನ ಕೊಂಡಾಡುತ್ತಿದ್ದರು. 73 ಇರುವಾಗ 62 ದೊಡ್ಡದಾಗುವುದು ಹೇಗೆ? ಉತ್ತರ ಹುಡುಕುತ್ತಾ ಹೋದವಳಿಗೆ ಸಿಕ್ಕಿದ್ದು ಒಂದು ಬಾಟಲಿ.

ಆ ಕತೆ 1998ರದು. ಅದಕ್ಕೂ ಮುಂಚೆ, 1994ರಲ್ಲಿ, ಆಟಗಾರರು ಮುಷ್ಕರ ಹೂಡಿ ಆ ವರ್ಷದ ವರ್ಲ್ಡ್ ಸೀರೀಸ್ ಫೈನಲ್ಲೇ ರದ್ದಾಗಿತ್ತು. ಸಿಟ್ಟಾದ ಪ್ರೇಕ್ಷಕರು ಮೈದಾನದಿಂದ ದೂರ ಸರಿದಿದ್ದರು. 1998ರ ಬೇಸಿಗೆಯಲ್ಲಿ ಸೇಂಟ್ ಲೂಯಿಸಿನ ಮಾರ್ಕ್ ಮೆಗ್ವೈರ್, ಷಿಕಾಗೊದ ಸ್ಯಾಮಿ ಸೋಸಾ ಪೈಪೋಟಿಗೆ ಬಿದ್ದು ಹೋಮ್ ರನ್ ಹೊಡೆಯತೊಡಗಿದರು. ಜನ ಮರಳಿ ಬಂದರು, ಟಿವಿಯವರಿಗೂ ತಂಡದ ಮಾಲೀಕರಿಗೂ ಹಬ್ಬ. ರೋಜರ್ ಮ್ಯಾರಿಸ್ 1961ರಲ್ಲಿ ಹೊಡೆದಿದ್ದ 61ರ ದಾಖಲೆ 37 ವರ್ಷದ ಮೇಲೆ ಮುರಿಯಿತು. ಮೆಗ್ವೈರ್ 70ಕ್ಕೆ, ಸೋಸಾ 66ಕ್ಕೆ ನಿಂತರು.

ಆ ಸಂಭ್ರಮದ ನಡುವೆ, ಆಗಸ್ಟ್ ತಿಂಗಳಲ್ಲಿ, ಅಸೋಸಿಯೇಟೆಡ್ ಪ್ರೆಸ್ ವರದಿಗಾರ ಸ್ಟೀವ್ ವಿಲ್‌ಸ್ಟೀನ್ ಬಾಗಿಲು ತೆರೆದಿದ್ದ ಮೆಗ್ವೈರ್ ಲಾಕರಿನಲ್ಲಿ ಒಂದು ಬಾಟಲಿ ಕಂಡ. ಮೇಲೆ ಬರೆದಿದ್ದ ಹೆಸರನ್ನು ಗುರುತು ಮಾಡಿಕೊಂಡು, ಅದೇನೆಂದು ವಿಚಾರಿಸಿ, ಸುದ್ದಿ ಬರೆದ. ಅದು ಆಂಡ್ರೊಸ್ಟೆನ್‌ಡಯೋನ್, ದೇಹದೊಳಗೆ ಟೆಸ್ಟೋಸ್ಟೆರಾನ್ ಆಗಿ ಬದಲಾಗುವ ವಸ್ತು. ಒಲಿಂಪಿಕ್ಸಿನಲ್ಲಿ ನಿಷಿದ್ಧ, ಆದರೆ ಬೇಸ್‌ಬಾಲಿನಲ್ಲಿ ಆಗ ನಿಷೇಧ ಇರಲಿಲ್ಲ. ಅಮೆರಿಕದ ಅಂಗಡಿಗಳಲ್ಲಿ ಚೀಟಿಯಿಲ್ಲದೆ ಸಿಗುತ್ತಿತ್ತು. ಸೇವಿಸುವುದು ನಿಜವೆಂದು ಮೆಗ್ವೈರ್ ಒಪ್ಪಿಕೊಂಡ.

ಬೈಸಿಕೊಂಡವನು ಮಾತ್ರ ವರದಿಗಾರ. ಇನ್ನೊಬ್ಬರ ಲಾಕರಿನಲ್ಲಿ ಇಣುಕುವುದು ಎಂಥ ಪತ್ರಿಕೋದ್ಯಮ ಎಂದು ತಂಡದ ಮ್ಯಾನೇಜರ್ ಕೂಗಾಡಿದ. ಜೊತೆಯ ವರದಿಗಾರರಲ್ಲೂ ಕೆಲವರು ಅವನನ್ನೇ ದೂರಿದರು. ಹಬ್ಬದ ಊಟದಲ್ಲಿ ಕಲ್ಲು ಸಿಕ್ಕಿತು ಎಂದವನ ಮೇಲೆ ಬಡಿಸುವವರು ಮುನಿಸಿಕೊಂಡ ಹಾಗೆ. ಈ ಬ್ಲಾಗಿನಲ್ಲಿ ಬರೆಯುವ ನಾವೆಲ್ಲ ಪತ್ರಿಕೋದ್ಯಮ ಓದಿ ಊರಿಗೆ ಮರಳಿದವರು. ಜಾತ್ರೆಯ ಕುಸ್ತಿಯೋ ಕಬಡ್ಡಿ ಪಂದ್ಯವೋ ಬರೆಯುವಾಗ "ಒಳ್ಳೇದನ್ನ ಮಾತ್ರ ಬರೀರಿ, ಊರ ಮಾನ ಕಳೀಬೇಡಿ" ಎಂದು ಹೇಳಿಸಿಕೊಳ್ಳದವರು ನಮ್ಮಲ್ಲಿ ಯಾರಿದ್ದಾರೆ? ಹಾಗಾಗಿ ವಿಲ್‌ಸ್ಟೀನ್ ನನಗೆ ದೂರದವನು ಅನಿಸಲಿಲ್ಲ.

ಅವನು ಬರೆದದ್ದು ಎಷ್ಟು ಮುಖ್ಯವಾಗಿತ್ತು ಎನ್ನುವುದನ್ನು ಅಂಕಿಗಳೇ ಹೇಳುತ್ತವೆ. 1998ಕ್ಕೆ ಮುಂಚೆ ಒಂದು ಋತುವಿನಲ್ಲಿ 60 ಮುಟ್ಟಿದವರು ಇಬ್ಬರೇ: 1927ರಲ್ಲಿ ಬೇಬ್ ರೂತ್ (60), 1961ರಲ್ಲಿ ಮ್ಯಾರಿಸ್ (61). 1998ರಿಂದ 2001ರವರೆಗಿನ ನಾಲ್ಕೇ ವರ್ಷದಲ್ಲಿ 61ನ್ನು ಆರು ಸಲ ದಾಟಲಾಯಿತು. ಸೋಸಾ ಮೂರು ಸಲ, ಮೆಗ್ವೈರ್ ಎರಡು ಸಲ, ಬಾಂಡ್ಸ್ ಒಂದು ಸಲ. ಔಷಧಿ ಪರೀಕ್ಷೆಯಲ್ಲಿ ಸಿಕ್ಕಿಬಿದ್ದವರಿಗೆ ಶಿಕ್ಷೆ ಎಂಬ ನಿಯಮ ಬಂದದ್ದು 2004ರಲ್ಲಿ. ಆಮೇಲೆ ಮತ್ತೆ 61 ದಾಟುವುದಕ್ಕೆ ಆರನ್ ಜಡ್ಜ್ ಬರಬೇಕಾಯಿತು.

2003ರಲ್ಲಿ ಕ್ಯಾಲಿಫೋರ್ನಿಯಾದ ಬಾಲ್ಕೊ ಎಂಬ ಪ್ರಯೋಗಾಲಯದ ಮೇಲೆ ದಾಳಿ ನಡೆದು, ಪರೀಕ್ಷೆಗೆ ಸಿಗದ ಸ್ಟೀರಾಯ್ಡ್ ಹಂಚುತ್ತಿದ್ದದ್ದು ಹೊರಬಿತ್ತು. ಬಾಂಡ್ಸ್ ಹೆಸರೂ ಬಂತು. ತಿಳಿದೂ ತಿಳಿದು ಸ್ಟೀರಾಯ್ಡ್ ತೆಗೆದುಕೊಂಡಿಲ್ಲ ಎನ್ನುವುದು ಅವನ ವಾದ. ಗ್ರ್ಯಾಂಡ್ ಜ್ಯೂರಿ ಮುಂದೆ ಆಟಗಾರರು ಹೇಳಿದ್ದನ್ನು ಬಯಲು ಮಾಡಿದ ಸ್ಯಾನ್ ಫ್ರಾನ್ಸಿಸ್ಕೊ ಕ್ರಾನಿಕಲ್ ಪತ್ರಿಕೆಯ ಇಬ್ಬರು ವರದಿಗಾರರಿಗೆ, ಸುದ್ದಿ ಕೊಟ್ಟವರ ಹೆಸರು ಹೇಳದ ಕಾರಣಕ್ಕೆ, 2006ರಲ್ಲಿ ಜೈಲು ಶಿಕ್ಷೆಯೂ ಆಯಿತು. ಮಾಹಿತಿ ಕೊಟ್ಟ ವಕೀಲ ತಾನೇ ತಪ್ಪೊಪ್ಪಿಕೊಂಡದ್ದರಿಂದ ಅವರು ಜೈಲಿಗೆ ಹೋಗುವುದು ತಪ್ಪಿತು. 2007ರ ಡಿಸೆಂಬರಿನ ಮಿಚೆಲ್ ವರದಿಯಲ್ಲಿ 89 ಆಟಗಾರರ ಹೆಸರಿತ್ತು. 1998ರಲ್ಲೂ ಸ್ಟೀರಾಯ್ಡ್ ಬಳಸಿದ್ದೆ ಎಂದು ಮೆಗ್ವೈರ್ 2010ರಲ್ಲಿ ತಾನಾಗಿಯೇ ಒಪ್ಪಿಕೊಂಡ.

ಹಾಗಾದರೆ 73ನ್ನು ಅಳಿಸಿಬಿಡಬೇಕೇ? ಬಹಳ ಜನ ಅದರ ಪಕ್ಕ ಒಂದು ನಕ್ಷತ್ರ ಚಿಹ್ನೆ ಹಾಕಿ ಎನ್ನುತ್ತಾರೆ. ಬಾಂಡ್ಸ್ 2007ರಲ್ಲಿ ಹ್ಯಾಂಕ್ ಆರನ್‌ನ 755ರ ದಾಖಲೆ ದಾಟಿದಾಗ, ಆ 756ನೇ ಚೆಂಡನ್ನು ಬಟ್ಟೆ ವ್ಯಾಪಾರಿಯೊಬ್ಬ ಏಳೂವರೆ ಲಕ್ಷ ಡಾಲರಿಗೂ ಹೆಚ್ಚು ಕೊಟ್ಟು ಕೊಂಡ. ಏನು ಮಾಡಲಿ ಎಂದು ಜನರಿಂದ ಓಟು ಹಾಕಿಸಿದ. ಕೊನೆಗೆ ಚೆಂಡಿನ ಮೇಲೆ ನಕ್ಷತ್ರ ಕೊರೆಸಿ ಕೂಪರ್ಸ್‌ಟೌನಿನ ಬೇಸ್‌ಬಾಲ್ ಮ್ಯೂಸಿಯಮ್ಮಿಗೆ ಕೊಟ್ಟ.

ಈ ನಕ್ಷತ್ರಕ್ಕೂ ಹಳೇ ಕತೆಯಿದೆ. ರೂತ್ ಕಾಲದಲ್ಲಿ ಋತುವಿಗೆ 154 ಪಂದ್ಯ, ಮ್ಯಾರಿಸ್ ಆಡಿದ್ದು 162 ಪಂದ್ಯದ ಋತು. ಹಾಗಾಗಿ ಇಬ್ಬರದನ್ನೂ ಬೇರೆ ಬೇರೆ ಬರೆಯಬೇಕು ಎಂದು ಆಟದ ಕಮಿಷನರ್ 1961ರಲ್ಲಿ ಹೇಳಿಬಿಟ್ಟ. ಮ್ಯಾರಿಸ್ ಏನೂ ಮೋಸ ಮಾಡಿರಲಿಲ್ಲ. ಆದರೂ ಅವನ 61 ಅರೆಕೊರೆ ಎಂಬ ಮಾತು ಅಂಟಿಕೊಂಡಿತು. ಆ ಭೇದ ತೆಗೆದುಹಾಕಿದ್ದು 1991ರಲ್ಲಿ. ಮ್ಯಾರಿಸ್ 1985ರಲ್ಲೇ ತೀರಿಕೊಂಡಿದ್ದ.

ಇನ್ನು ಹಳೇ ದಾಖಲೆಗಳೆಲ್ಲ ಶುದ್ಧವೇ? ರೂತ್ ಆಡುವಾಗ ಕಪ್ಪು ಆಟಗಾರರಿಗೆ ಆ ಲೀಗುಗಳೊಳಗೆ ಪ್ರವೇಶವೇ ಇರಲಿಲ್ಲ. ಜಾಕಿ ರಾಬಿನ್ಸನ್ ಬಂದು ಆ ಗೋಡೆ ಬಿದ್ದದ್ದು 1947ರಲ್ಲಿ. ಕಪ್ಪು ಆಟಗಾರರ ನೀಗ್ರೋ ಲೀಗುಗಳ ಅಂಕಿಗಳನ್ನು ಅಧಿಕೃತ ಪುಸ್ತಕಕ್ಕೆ ಸೇರಿಸಿದ್ದು 2024ರಲ್ಲಿ. ಸೇರಿಸಿದ ಕೂಡಲೇ ಜೀವಮಾನದ ಬ್ಯಾಟಿಂಗ್ ಸರಾಸರಿಯಲ್ಲಿ ಟೈ ಕಾಬ್ ಕೆಳಗಿಳಿದು ಜಾಷ್ ಗಿಬ್ಸನ್ ಮೇಲೆ ಬಂದ. ರೂತ್ ದಾಖಲೆಯ ಹತ್ತಿರ ಬಂದ ತಪ್ಪಿಗೆ ಹ್ಯಾಂಕ್ ಆರನ್‌ಗೆ ಕೊಲೆ ಬೆದರಿಕೆಯ ಕಾಗದಗಳು ಬಂದವು. ಯಾವ ಅಂಕಿಯೂ ತನ್ನ ಕಾಲದ ಕೊಳೆಯಿಂದ ಪೂರ್ತಿ ಹೊರಗಿಲ್ಲ.

ಅಂದಮಾತ್ರಕ್ಕೆ ಎಲ್ಲವೂ ಒಂದೇ ಎನ್ನಲು ನನಗೆ ಮನಸ್ಸಿಲ್ಲ. ಪಂದ್ಯ ಎಂಟು ಹೆಚ್ಚಾದರೆ ಎಲ್ಲ ಆಟಗಾರರಿಗೂ ಹೆಚ್ಚಾಗುತ್ತದೆ. ಸ್ಟೀರಾಯ್ಡ್ ಹಾಗಲ್ಲ. ಅದು ಚೆಂಡನ್ನು ಗುರುತಿಸುವ ಕಣ್ಣು ಕೊಡುವುದಿಲ್ಲ, ನಿಜ. ಆದರೆ ಸ್ನಾಯು ಬೆಳೆಸುತ್ತದೆ, ದಣಿದ ಮೈಯನ್ನು ಬೇಗ ಎಬ್ಬಿಸುತ್ತದೆ, ಹಾಗಾಗಿ ಇಂದು ಬೆವರು ಹರಿಸಿದವನು ನಾಳೆಯೂ ಅಷ್ಟೇ ಹರಿಸಬಲ್ಲ. ಬೇಡ ಎಂದವನು ಹಿಂದೆ ಬೀಳುತ್ತಾನೆ. ಅಂಥವರಲ್ಲಿ ಎಷ್ಟು ಮಂದಿ ಕೆಳಗಿನ ಲೀಗುಗಳಲ್ಲೇ ಉಳಿದು ಮನೆಗೆ ಹೋದರೋ, ಅವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ.

ಇದು ನನಗೆ ನಾಟಿದ್ದು ಚಿಕ್ಕಪ್ಪನ ಮಗನಿಂದ. ಪೊಲೀಸ್ ಕಾನ್‌ಸ್ಟೆಬಲ್ ದೈಹಿಕ ಪರೀಕ್ಷೆಗೆ ತಯಾರಾಗಲು ಅವನು ತಾಲ್ಲೂಕಿನ ಜಿಮ್ಮಿಗೆ ಸೇರಿದ್ದ. ಒಂದು ದಿನ ಒಂದು ಡಬ್ಬಿಯ ಫೋಟೊ ಕಳಿಸಿ, "ಅಕ್ಕಾ, ಇದರಲ್ಲಿ ಏನಿದೆ ಅಂತ ಓದಿ ಹೇಳು. ಎಲ್ರೂ ತಗೋತಾರೆ, ಏನೂ ಆಗಲ್ಲ ಅಂತಾರೆ" ಅಂದ. ಅದು ಬರೀ ಪ್ರೋಟೀನ್ ಪುಡಿಯಾಗಿತ್ತು. ಆದರೆ "ಎಲ್ರೂ ತಗೋತಾರೆ" ಎಂಬ ಮಾತು ನನ್ನನ್ನು ಬಿಡಲಿಲ್ಲ. 1998ರ ಸುದ್ದಿಯ ಮೇಲೆ ಅಮೆರಿಕದಲ್ಲಿ ಆಂಡ್ರೊ ಮಾರಾಟ ಏರಿತು. ಅಲ್ಲಿನ ಸರ್ಕಾರ ಅದನ್ನು ತಡೆದದ್ದು 2004ರಲ್ಲಿ. 2005ರ ಮಾರ್ಚಿನಲ್ಲಿ ಸಂಸತ್ ಸಮಿತಿ ಮೆಗ್ವೈರ್, ಸೋಸಾ ಮುಂತಾದವರನ್ನು ಕರೆಸಿದ ದಿನವೇ, ಸ್ಟೀರಾಯ್ಡ್ ತೆಗೆದುಕೊಂಡು ಖಿನ್ನತೆಗೆ ಬಿದ್ದು ಜೀವ ಕಳೆದುಕೊಂಡ ಹುಡುಗರ ತಂದೆತಾಯಿಯರೂ ಸಾಕ್ಷಿ ಹೇಳಿದರು. ಬೆಳೆಯುವ ವಯಸ್ಸಿನವರಿಗೆ ಸ್ಟೀರಾಯ್ಡ್ ಮೂಳೆಯ ಬೆಳವಣಿಗೆಯನ್ನೇ ನಿಲ್ಲಿಸಬಹುದು. ಲಿವರ್, ಹೃದಯ, ಮುಂದೆ ಮಕ್ಕಳಾಗುವ ಶಕ್ತಿಗೂ ಪೆಟ್ಟು. ವೈದ್ಯರನ್ನು ಕೇಳದೆ ಸೂಜಿ, ಮಾತ್ರೆ ಮುಟ್ಟಬೇಡ ಎಂದು ಅವನಿಗೆ ಹೇಳಿದೆ. ಇದನ್ನು ಓದುವ ತಮ್ಮಂದಿರಿಗೂ ಅದನ್ನೇ ಹೇಳುತ್ತೇನೆ.

ಒಂದು ವಿಚಿತ್ರ ನೋಡಿ. ಬೇಸ್‌ಬಾಲಿನ ಹಾಲ್ ಆಫ್ ಫೇಮಿಗೆ ಆಟಗಾರರನ್ನು ಆರಿಸಲು ಓಟು ಹಾಕುವವರು ಬೇಸ್‌ಬಾಲ್ ಬರಹಗಾರರು. 75% ಓಟು ಬೇಕು, ಹೆಚ್ಚೆಂದರೆ ಹತ್ತು ವರ್ಷ ಅವಕಾಶ. ಬಾಂಡ್ಸ್‌ಗೆ 2022ರ ಕೊನೆಯ ಅವಕಾಶದಲ್ಲಿ ಸಿಕ್ಕಿದ್ದು 66%. 1998ರಲ್ಲಿ ಬಾಟಲಿ ಕಂಡವನ ಮೇಲೆ ಮುನಿಸಿಕೊಂಡದ್ದೂ ಇದೇ ವೃತ್ತಿ, ಆಮೇಲೆ ತೀರ್ಪು ಕೊಟ್ಟದ್ದೂ ಇದೇ ವೃತ್ತಿ. ಲಾಭ ಎಣಿಸಿಕೊಂಡ ಮಾಲೀಕರಿಗೆ, ತಡವಾಗಿ ಕಣ್ಣುಬಿಟ್ಟ ಕಮಿಷನರಿಗೆ ಯಾರೂ ನಕ್ಷತ್ರ ಕೊರೆಯಲಿಲ್ಲ.

ನನ್ನನ್ನು ಕೇಳಿದರೆ 73 ಹಾಗೇ ಇರಲಿ. ಆ ಚೆಂಡುಗಳು ಬೇಲಿ ದಾಟಿದ್ದು ಸುಳ್ಳಲ್ಲ. ಅಳಿಸಿದರೆ ಆ ಕಾಲವೇ ಇರಲಿಲ್ಲ ಎಂದಂತಾಗುತ್ತದೆ, ತಪ್ಪು ಮಾಡಿದವರಿಗೆಲ್ಲ ಅನುಕೂಲ. ಬರೀ ಚಿಹ್ನೆ ಹಾಕಿದರೆ ಇಡೀ ಭಾರ ಒಬ್ಬ ಆಟಗಾರನ ತಲೆಗೆ ಬೀಳುತ್ತದೆ. ಅಂಕಿಯ ಪಕ್ಕದಲ್ಲಿ ಆ ವರ್ಷಗಳ ಕತೆಯನ್ನು ಪೂರ್ತಿ ಬರೆಯಲಿ: ಪರೀಕ್ಷೆ ಇರಲಿಲ್ಲ, ದುಡ್ಡು ಹರಿಯುತ್ತಿತ್ತು, ಕಂಡವರು ಸುಮ್ಮನಿದ್ದರು, ಒಬ್ಬ ವರದಿಗಾರ ಬರೆದು ಬೈಸಿಕೊಂಡ.

ನಿಮಗೇನನ್ನಿಸುತ್ತದೆ? ಅಳಿಸಬೇಕೇ, ಉಳಿಸಬೇಕೇ? ಮನೆಯಲ್ಲಿ ಜಿಮ್ಮಿಗೆ ಹೋಗುವ ಹುಡುಗರಿದ್ದರೆ ಅವರನ್ನೂ ಕೇಳಿ ನೋಡಿ.