ಕೆರೆ ಏರಿಯ ಮೇಲಿನ ತಂಡ

1974ರಲ್ಲಿ ನಮ್ಮ ಮೈಸೂರು ಕಾಲೇಜಿನ ಕ್ರಾಸ್ ಕಂಟ್ರಿ ತಂಡಕ್ಕೆ ಸೇರಲು ಬೇಕಿದ್ದ ಅರ್ಹತೆ ಒಂದೇ: ಬೆಳಗ್ಗೆ ಐದೂವರೆಗೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಹಾಜರಿರಬೇಕು. ನಿಧಾನದವರನ್ನು ಯಾರೂ ತೆಗೆಯುತ್ತಿರಲಿಲ್ಲ. ಔದಾರ್ಯ ಅಂದುಕೊಳ್ಳಬೇಡಿ, ತೆಗೆದರೆ ತಂಡಕ್ಕೆ ಜನವೇ ಕೂಡುತ್ತಿರಲಿಲ್ಲ. ನಾನಿದ್ದದ್ದು ಆ ಲೆಕ್ಕದಲ್ಲೇ.

ಅಜ್ಜಿ ಬಚ್ಚಲೊಲೆಯ ಕೆಂಡದ ಮೇಲೆ ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಕಾಸಿ, ಗಿಂಡಿಯಲ್ಲಿ ತುಂಬಿಟ್ಟು, ರಾತ್ರಿ ನನ್ನ ಮೀನಖಂಡಕ್ಕೆ ತಿಕ್ಕುತ್ತಿದ್ದಳು. ಕತ್ತಲಲ್ಲಿ ನಾನು ಬರುವ ಮೊದಲೇ ವಾಸನೆ ಬರುತ್ತಿತ್ತು. ತಂಡದಲ್ಲಿ ನಾನು ಯಾರಿಗಿಂತಲೂ ಮುಂದಿದ್ದದ್ದು ಆ ವಾಸನೆಯಲ್ಲಿ ಮಾತ್ರ.

ಕ್ಯಾನ್ವಾಸ್ ಶೂಗೆ ಹನ್ನೆರಡು ರೂಪಾಯಿ ಕೇಳಿದರೆ ಅಪ್ಪ, "ದೇವರು ಕೊಟ್ಟ ಪಾದ ಸವೆದಿದೆಯಾ?" ಅಂದರು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್ ಮ್ಯಾರಥಾನಿನಲ್ಲಿ ಬರಿಗಾಲ ಓಟಕ್ಕೆ ಹೆಸರಾದ ಶಿವನಾಥ್ ಸಿಂಗ್ 11ನೆಯವರಾದಾಗ, ಪಡಸಾಲೆಯಲ್ಲಿ ಪತ್ರಿಕೆ ಮಡಿಸಿ ಅಪ್ಪ ನನ್ನ ಕಡೆ ನೋಡಿದ ನೋಟ ಇನ್ನೂ ನೆನಪಿದೆ.

ನಂಜನಗೂಡಿನ ಕಡೆಯ ಹುಡುಗನೊಬ್ಬ ಮೊದಲ ವರ್ಷ ನನಗಿಂತಲೂ ಹಿಂದೆ ಬರುತ್ತಿದ್ದ. ಅದಕ್ಕೇ ನನಗೆ ಅವನ ಮೇಲೆ ವಿಪರೀತ ಪ್ರೀತಿ. ಓಟ ಮುಗಿದ ಮೇಲೆ ಮೂವತ್ತು ಪೈಸೆಯ ಜೋಡಿ ಇಡ್ಲಿ ಕೊಡಿಸುತ್ತಿದ್ದೆ. ಮೂರನೇ ವರ್ಷಕ್ಕೆ ನಮ್ಮ ತಂಡದ ಮೊದಲಿಗ ಅವನೇ. ಇಡ್ಲಿ ಕೊಡಿಸುವುದನ್ನು ನಿಲ್ಲಿಸಿದೆ.

ಕ್ರಾಸ್ ಕಂಟ್ರಿಯ ಲೆಕ್ಕವೇ ಬೇರೆ. ತಂಡದ ಮೊದಲ ಕೆಲವರು ಬಂದ ಸ್ಥಾನಗಳನ್ನು ಕೂಡುತ್ತಾರೆ. ಮೊತ್ತ ಕಡಿಮೆ ಇದ್ದವರು ಗೆದ್ದಂತೆ. ಗೆಲ್ಲಿಸುವುದೂ ಸೋಲಿಸುವುದೂ ಮುಂದೆ ಹಾರುವವನಲ್ಲ, ಲೆಕ್ಕಕ್ಕೆ ಸೇರುವ ಕೊನೆಯವನು.

ಇದೇ ಓಟವನ್ನು ಈಗ ಅಣ್ಣನ ಮೊಮ್ಮಗ ಅಮೆರಿಕದ ಕಾಲೇಜೊಂದರಲ್ಲಿ ಓಡುತ್ತಾನೆ. ಅಲ್ಲಿ ಮೊದಲು ವಿದ್ಯಾರ್ಥಿವೇತನಕ್ಕೆ ಮಾತ್ರ ಮಿತಿ ಇತ್ತು. ಸ್ವಂತ ಖರ್ಚಿನಲ್ಲಿ ಬಂದು ಓಡುವವರಿಗೆ ಇರಲಿಲ್ಲ. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯ ಪ್ರಕಾರ, ಆಟಗಾರರಿಗೆ ಹಣ ಹಂಚಲು ಒಪ್ಪಿದ ದೊಡ್ಡ ಕಾಲೇಜುಗಳಲ್ಲಿ ವಿದ್ಯಾರ್ಥಿವೇತನದ ಮಿತಿ ಹೋಗಿ ತಲೆಗಳ ಮಿತಿ ಬಂತು. ಕ್ರಾಸ್ ಕಂಟ್ರಿಗೆ 17 ಜನ. ಹದಿನೆಂಟನೆಯವನು ಮನೆಗೆ. ದುಡ್ಡು ಬಂದ ಕಡೆ ತಲೆ ಎಣಿಸುವುದು ಇದ್ದದ್ದೇ, ಅದಕ್ಕೆ ಕಣ್ಣೀರು ಹಾಕಲಾರೆ.

ಆದರೆ ದೂರದ ಓಟದವರ ಕಾಲು ತಡವಾಗಿ ಬಲಿಯುತ್ತದೆ. ಹದಿನೆಂಟರ ಹುಡುಗನ ಗಡಿಯಾರ ನೋಡಿ ತೆಗೆದುಹಾಕುವುದು ದಡ್ಡತನ. ಎರಡು ವರ್ಷ ಓಡಿಸಿ ಆಮೇಲೆ ತೆಗೆಯಲಿ. ಹಾಗೆ ಮಾಡಿದ್ದರೂ ನಾನು ಹೊರಗೇ ಹೋಗುತ್ತಿದ್ದೆ, ಅದು ಬೇರೆ ಮಾತು.