ಅಮ್ಮನಿಗೊಂದು ಹಿಮದ ಬಯಲು

ಇಟಲಿಯ ಉತ್ತರಕ್ಕೆ ಡೋಲೊಮೈಟ್ ಎಂಬ ಪರ್ವತಶ್ರೇಣಿಯಿದೆ. ಚಳಿಗಾಲ ಬಂತೆಂದರೆ ಅಲ್ಲಿ ಹಿಮದ ಮೇಲೆ ಜಾರುವವರ ಜಾತ್ರೆ ನೆರೆಯುತ್ತದೆ. ಮಿಲಾನಿನಲ್ಲಿ ಉದ್ಯೋಗದಲ್ಲಿರುವ ಭಾವಮೈದುನನ ಒತ್ತಾಯಕ್ಕೆ ಕಟ್ಟುಬಿದ್ದು, ಪತ್ನಿ, ಏಳು ವರ್ಷದ ಮಗಳು ಹಾಗೂ ಅರವತ್ತೆಂಟರ ತಾಯಿಯೊಡನೆ ನಾನೂ ಆ ಜಾತ್ರೆಗೆ ಹೊರಟೆ. ಆದರೆ ಯಾವ ಊರಿಗೆ?

“ಕೋರ್ಟೀನಕ್ಕೇ ಹೋಗೋಣ, ಭಾವ” ಎಂದನವನು. ಕೋರ್ಟೀನ 1956ರ ಚಳಿಗಾಲದ ಒಲಿಂಪಿಕ್ ಕ್ರೀಡೆಗಳು ನಡೆದ ಊರು. 2026ರ ಕ್ರೀಡೆಗಳ ಗೌರವವೂ ಮಿಲಾನಿನೊಡನೆ ಅದರ ಪಾಲಿಗೆ ಬಂದಿತು. ಹಿಂದಿರುಗಿದ ಮೇಲೆ ಸ್ಟಾಫ್ ರೂಮಿನಲ್ಲಿ ಹೇಳಿಕೊಳ್ಳಲು ಆ ಹೆಸರೇ ಲೇಸೆಂದು ನನಗೂ ಒಳಗೊಳಗೇ ಆಸೆ. ಅಮ್ಮ ಮಾತ್ರ ಶಾಲನ್ನು ಸರಿಪಡಿಸಿಕೊಳ್ಳುತ್ತ, “ಜಾರುವವರು ಜಾರಿ. ನಾನು ದಿನವೆಲ್ಲ ಎಲ್ಲಿ ಕೂರಲಿ, ಅದನ್ನು ಮೊದಲು ಹೇಳಿ” ಎಂದರು.

ನಮ್ಮಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ. ಅಂದು ರಾತ್ರಿ ನಕ್ಷೆಯನ್ನು ಹರಡಿಕೊಂಡು ಹೊಸದಾಗಿ ಹುಡುಕಿದೆವು. ಇಟಲಿಯಲ್ಲಿ ಜಾರುದಾರಿಗಳನ್ನು ಬಣ್ಣದಿಂದ ಗುರುತಿಸುತ್ತಾರೆ: ನೀಲಿ ಸುಲಭ, ಕೆಂಪು ಮಧ್ಯಮ, ಕಪ್ಪು ಕಠಿಣ. ನೀಲಿ ಧಾರಾಳವಾಗಿರುವ, ಜಾರದವರೂ ಅಡ್ಡಾಡಬಹುದಾದ ಸ್ಥಳ ನಮಗೆ ಬೇಕಿತ್ತು. ಹಾಗೆ ದೊರೆತದ್ದು ಆಲ್ಪೆ ದಿ ಸಿಯೂಸಿ.

ಬೊಲ್ಜಾನೊ ನಗರದವರೆಗೆ ರೈಲು, ಅಲ್ಲಿಂದ ಸಿಯೂಸಿ ಹಳ್ಳಿಗೆ ಬಸ್ಸು, ಮುಂದೆ ತಂತಿಯಲ್ಲಿ ತೂಗುವ ಪುಟ್ಟ ಕೋಣೆ. ನಾಲ್ಕು ಕಿಲೋಮೀಟರಿಗೂ ಮಿಗಿಲಾಗಿ ತೇಲಿ ಮೇಲಿಳಿದಾಗ ಕಂಡದ್ದು ಕಡಿದಾದ ಬೆಟ್ಟವಲ್ಲ, ಬಯಲು! ಸುಮಾರು 56 ಚದರ ಕಿಲೋಮೀಟರು ಹರಡಿರುವ ಇದು ಯೂರೋಪಿನ ಎತ್ತರದ ಹುಲ್ಲುಗಾವಲುಗಳಲ್ಲೆಲ್ಲ ದೊಡ್ಡದು. ಬೇಸಗೆಯಲ್ಲಿ ದನ ಮೇಯುವ ನೆಲ ಈಗ ಹಾಲು ಚೆಲ್ಲಿದಂತಿತ್ತು. ಹೊರಗಿನವರ ಕಾರುಗಳಿಗೆ ಹಗಲು ರಸ್ತೆ ಮುಚ್ಚಿರುವುದರಿಂದ ಗದ್ದಲವಿಲ್ಲ. ನಿಲ್ದಾಣದ ಎತ್ತರ ಸುಮಾರು 1,840 ಮೀಟರು. ನಮ್ಮ ಮುಳ್ಳಯ್ಯನಗಿರಿಯ ನೆತ್ತಿಗಿಂತ ತುಸು ಕಡಿಮೆಯೇ. ಅಮ್ಮನ ಉಸಿರಿನ ಬಗ್ಗೆ ನನಗಿದ್ದ ಅಳುಕು ಅಡಗಿತು.

ಮಗಳನ್ನು ಮಕ್ಕಳ ಸ್ಕೀ ಶಾಲೆಗೆ ಸೇರಿಸಿದೆವು. ಹಲಗೆಗಳು, ಬೂಟುಗಳು, ಹೆಲ್ಮೆಟ್ಟು ಎಲ್ಲವೂ ಬಾಡಿಗೆಗೆ ದೊರೆಯುತ್ತವೆ, ಕೊಳ್ಳುವುದು ದಂಡ. ಜಾರುವವರಿಗೆ ವಿಮೆಯನ್ನು 2022ರಿಂದ ಕಡ್ಡಾಯ ಮಾಡಿದ್ದಾರೆ. ಹಲಗೆಗಳ ಮುಂತುದಿಗಳನ್ನು ಹತ್ತಿರ ತಂದರೆ ವೇಗ ತಗ್ಗುವ ಗುಟ್ಟು ಅವಳಿಗೆ ಎರಡೇ ದಿನದಲ್ಲಿ ಕೈವಶವಾಯಿತು. ನನಗಾಗಲಿಲ್ಲ. ನಾನು ಬಿದ್ದ ಲೆಕ್ಕವನ್ನು ಅವಳೇ ಇಟ್ಟಿದ್ದಾಳೆ.

ಈ ಪ್ರಾಂತ್ಯ ಮೊದಲ ಮಹಾಯುದ್ಧದ ಅನಂತರ ಆಸ್ಟ್ರಿಯದಿಂದ ಇಟಲಿಗೆ ಸೇರಿದ್ದು. ಹಳ್ಳಿಗರ ಮಾತು ಜರ್ಮನ್. ಪಕ್ಕದ ಗಾರ್ದೇನ ಕಣಿವೆಯಲ್ಲಿ ಲಾದಿನ್ ಎಂಬ ಪುಟ್ಟ ನುಡಿ ಶಾಲೆಯಲ್ಲಿಯೂ ಬಾಳಿದೆ. ಕನ್ನಡ ಮೇಷ್ಟರಿಗೆ ಹಿಮಕ್ಕಿಂತ ಈ ಸಂಗತಿಯೇ ರುಚಿಸಿತೆಂದು ಪತ್ನಿಯ ಪರಿಹಾಸ್ಯ.

ಅಮ್ಮನಾದರೋ ಹಿಮವನ್ನು ಒತ್ತಿ ಹದಗೊಳಿಸಿದ ನಡೆದಾರಿಯಲ್ಲಿ ಕೋಲೂರಿ ಸುತ್ತಿದರು. ಕೊನೆಯ ಸಂಜೆ ಕುದುರೆ ಎಳೆಯುವ ಜಾರುಬಂಡಿ ಏರಿ, ಮೊಣಕಾಲಿಗೆ ಕಂಬಳಿ ಹೊದ್ದು, ಮೊಮ್ಮಗಳೊಡನೆ ಬಯಲಿನಾಚೆ ಮರೆಯಾದರು. ಮರಳಿ ಬರುವ ಹೊತ್ತಿಗೆ ಸಾಸ್ಸೊಲುಂಗೊ ಶಿಖರ ಕುಂಕುಮದಂತೆ ಕೆಂಪೇರಿತ್ತು. ಕೆಳಗಿಳಿಯುವ ಕೋಣೆಯಲ್ಲಿ ಕುಳಿತು ಅವರು ಕೇಳಿದ್ದು ಒಂದೇ: “ಮುಂದಿನ ವರ್ಷವೂ ಆ ಕುದುರೆ ಇರುತ್ತದೇನೋ?”